ನಡುಗದ ನಲವತ್ತು ನಿಮಿಷ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮೆಟ್ಟಿಲ ಕೆಳಗಿನ ಮಳಿಗೆಯ ಷಟರ್ ಅರ್ಧ ಮೇಲೆ ಹೋಗಿದೆ, ಒಳಗೆ ದೀಪ ಉರಿಯುತ್ತಿದೆ. ಈ ಬೀದಿಯವರೆಲ್ಲ ‘ರಿಪೇರಿ ಅಕ್ಕ’ ಎಂದೇ ಕರೆಯುವ ಐವತ್ತನಾಲ್ಕರ ಹೆಂಗಸು ಬಲಗೈಯನ್ನು ಮೇಜಿನ ಮೇಲೆ ಚಾಚಿ, ಅದನ್ನೇ ದಿಟ್ಟಿಸುತ್ತ ಕೂತಿದ್ದಾರೆ. ಬೆರಳು ಅಲುಗುತ್ತಿಲ್ಲ. ಗೋಡೆ ಗಡಿಯಾರ ನೋಡಿ ಸ್ಕ್ರೂಡ್ರೈವರ್ ಎತ್ತಿಕೊಳ್ಳುತ್ತಾರೆ.

“ಕೆಲಸಕ್ಕೆ ಕೂತ ಮೇಲೆ ನಲವತ್ತು ನಿಮಿಷ ಕೈ ನನ್ನ ಮಾತು ಕೇಳುತ್ತೆ. ಆಮೇಲೆ ಅದರ ಪಾಡಿಗೆ ಅದು,” ಎನ್ನುತ್ತಾರೆ. ಹೋದ ವರ್ಷ ಮೂರು ಗಂಟೆ ಕೇಳುತ್ತಿತ್ತು. ನಡುಕಕ್ಕೆ ಡಾಕ್ಟರು ಮಾತ್ರೆ ಬರೆದುಕೊಟ್ಟಿದ್ದಾರೆ, ವಾಸಿಯಾಗುವ ಕಾಯಿಲೆಯಲ್ಲ ಎಂದೂ ಹೇಳಿದ್ದಾರೆ. ಇಪ್ಪತ್ತೆರಡು ವರ್ಷ ದಿನಕ್ಕೆ ಏಳೆಂಟು ಲ್ಯಾಪ್‌ಟಾಪ್ ಬಿಚ್ಚಿ ಜೋಡಿಸುತ್ತಿದ್ದವರ ಕೈಗೆ ಈಗ ದಿನಕ್ಕೆ ಒಂದು. ಕೆಲವು ದಿನ ಅದೂ ಇಲ್ಲ.

ಮೇಜಿನ ಮೇಲಿರುವುದು ಕಲ್ಲಿನಂತೆ ಭಾರದ ಗೇಮಿಂಗ್ ಲ್ಯಾಪ್‌ಟಾಪ್. ಕೆಳಗೆ ಬಿದ್ದ ಏಟಿಗೆ, ಒಳಗೆ ಹೀಟ್‌ಸಿಂಕನ್ನು ಹಿಡಿದಿಡುವ ನಾಲ್ಕು ಹಿತ್ತಾಳೆ ಗೂಟಗಳಲ್ಲಿ ಒಂದು ಬುಡಸಮೇತ ಕಿತ್ತು ಬಂದಿದೆ. ಚಿಪ್‌ನ ಬಿಸಿ ಹೀರಬೇಕಾದ ಈ ತಾಮ್ರದ ತಟ್ಟೆ ಒಂದು ಮೂಲೆಯಲ್ಲಿ ಎದ್ದು ನಿಂತರೆ ಮುಗಿಯಿತು; ಆಟ ಶುರುವಾದ ನಾಲ್ಕೇ ನಿಮಿಷಕ್ಕೆ ಯಂತ್ರ ಕಾದು ಕಣ್ಣು ಮುಚ್ಚುತ್ತದೆ. ಸರ್ವಿಸ್ ಸೆಂಟರಿನವರು ಬೋರ್ಡೇ ಬದಲಾಯಿಸಬೇಕೆಂದು ಕೈತೊಳೆದುಕೊಂಡಿದ್ದಾರೆ. ಕಡಲೆಕಾಳಿನಷ್ಟೂ ಇಲ್ಲದ ಗೂಟಕ್ಕೆ ಇಡೀ ಬೋರ್ಡಂತೆ.

ಅಕ್ಕ ನಿನ್ನೆಯೇ ಅಂಟು ಕಲಸಿ ಹೊಸ ಗೂಟ ನೆಟ್ಟಿದ್ದಾರೆ. ಅದೀಗ ಒಣಗಿ ಗಟ್ಟಿಯಾಗಿದೆ. ಉಳಿದಿರುವುದು ನಾಲ್ಕು ಸ್ಕ್ರೂ. ಯಾವುದು ಮೊದಲು, ಯಾವುದು ಆಮೇಲೆ ಎಂದು ಗೊತ್ತಾಗಲು ಪಕ್ಕದಲ್ಲಿ ಉಗುರುಬಣ್ಣದ ಚುಕ್ಕೆ ಇಟ್ಟುಕೊಂಡಿದ್ದಾರೆ. ಉಗುರಿಗೆ ಅವರು ಎಂದೂ ಹಚ್ಚಿಕೊಂಡದ್ದಿಲ್ಲ. ಬಿಗಿಯುವಾಗ ಎದುರುಬದುರು ಮೂಲೆ ಹಿಡಿದು ಒಂದೊಂದಕ್ಕೂ ಅರ್ಧರ್ಧ ಸುತ್ತು ಮಾತ್ರ ಕೊಡಬೇಕು. ಒಂದೇ ಮೂಲೆಯನ್ನು ಪೂರ್ತಿ ಬಿಗಿದರೆ ಭಾರವೆಲ್ಲ ಅಲ್ಲೇ ಬಿದ್ದು ಚಿಪ್ ಸೀಳುತ್ತದೆ. ಬೀದಿಯ ರಿಪೇರಿಯವರಿಗೆಲ್ಲ ಈ ಪಾಠ ಹೇಳಿಕೊಟ್ಟವರು ಇವರೇ.

ಹೋದ ತಿಂಗಳು ಆ ತಪ್ಪು ಮಾಡಿದವರೂ ಇವರೇ. ನಡುಕ ಶುರುವಾದದ್ದು ಗೊತ್ತಾಗಿ, ಹಿಡಿದ ಸ್ಕ್ರೂ ಒಂದನ್ನಾದರೂ ಮುಗಿಸಿಬಿಡೋಣ ಎಂದು ಪೂರ್ತಿ ತಿರುಗಿಸಿದರು. “ಟಿಕ್ ಅಂತು, ಅಷ್ಟೇ. ಊಟಕ್ಕೆ ಕೂತ್ರೂ ಆ ಸದ್ದು ಕೇಳಿಸುತ್ತೆ. ಲ್ಯಾಪ್‌ಟಾಪ್ ಕೊಟ್ಟಿದ್ದ ಹುಡುಗನಿಗೆ ನಾನೇ ಫೋನ್ ಮಾಡಿ, ಕೊಂದುಬಿಟ್ಟೆ ಕಣಪ್ಪ ಅಂದೆ.” ಇನ್ನೊಂದು ಸೀಳಿದರೆ ಮಳಿಗೆಯನ್ನೇ ಮುಚ್ಚುವುದೆಂದು ಅವತ್ತೇ ತೀರ್ಮಾನಿಸಿದ್ದಾರೆ.

ಗಂಡ, ನಿವೃತ್ತ ಬಸ್ ಕಂಡಕ್ಟರ್, ಟೀ ತಂದಿಡುತ್ತಾರೆ. ಲೋಟದ ತುಂಬ ಕೊಟ್ಟರೆ ಚೆಲ್ಲುತ್ತದೆ, ಅದಕ್ಕೇ ಅರ್ಧ. ಯಾಕೆ ಅರ್ಧ ಎಂದು ಇವರು ಕೇಳಿಲ್ಲ, ಅವರು ಹೇಳಿಲ್ಲ.

“ನಾನು ತಿರುಗಿಸ್ಲಾ? ಓಡೋ ಬಸ್ಸಲ್ಲಿ ನಿಂತು ಮೂವತ್ತು ವರ್ಷ ಟಿಕೆಟ್ ಹರಿದವನು, ಅಲುಗಾಟ ನಂಗೇನ್ ಹೊಸದಾ?”

“ನೀವು ನಲ್ಲಿ ತಿರುಗಿಸಿ ಮುರಿದಿದ್ದು ಇನ್ನೂ ಮರೆತಿಲ್ಲ. ಸುಮ್ನೆ ಕೂತ್ಕೊಳ್ರೀ.”

ಇಬ್ಬರೂ ನಗುತ್ತಾರೆ. ನಾಲ್ಕೂ ಮೂಲೆಗೆ ಒಂದು ಸರದಿ ಮುಗಿಯುತ್ತದೆ, ಎರಡನೆಯದೂ ಮುಗಿಯುತ್ತದೆ. ಮೂರನೇ ಸರದಿಗೆ ಸ್ಕ್ರೂಡ್ರೈವರ್‌ನ ತುದಿ ಸ್ಕ್ರೂವಿನ ತಲೆ ಬಿಟ್ಟು ಜಾರುತ್ತದೆ. ಅಕ್ಕ ಗಡಿಯಾರ ನೋಡುತ್ತಾರೆ. ಕೂತು ಮೂವತ್ತೊಂದೇ ನಿಮಿಷ.

“ಇವತ್ತು ಮುಂಚೆನೇ ಬಂತಲ್ರೀ,” ಎನ್ನುತ್ತಾರೆ. ಇಪ್ಪತ್ತೆರಡು ವರ್ಷ ಅನ್ನ ಕೊಟ್ಟ ಕೈ, ಯಾರದೋ ಕೈಯಂತೆ ಮೇಜಿನ ಮೇಲೆ ಅದುರುತ್ತಿದೆ.

ಗಂಡ ಮೊಣಕಾಲೂರಿ ಕೂತು, ಹೆಂಡತಿಯ ಮಣಿಕಟ್ಟನ್ನು ಎರಡೂ ಕೈಯಲ್ಲಿ ಮೇಜಿಗೆ ಒತ್ತಿ ಹಿಡಿಯುತ್ತಾರೆ. ಅಕ್ಕ ಬೆರಳನ್ನಷ್ಟೇ ತಿರುಗಿಸುತ್ತಾರೆ. ಅರ್ಧ ಸುತ್ತು, ಎದುರಿನ ಮೂಲೆ, ಮತ್ತೆ ಅರ್ಧ ಸುತ್ತು. ಕೊನೆಯ ಚುಕ್ಕೆಯ ಸ್ಕ್ರೂ ಕೂಡ ಬಿಗಿಯಾಗುತ್ತದೆ. ಟಿಕ್ ಎನ್ನುವ ಸದ್ದು ಬರುವುದಿಲ್ಲ.

ಪರೀಕ್ಷೆಗೆಂದು ಹಚ್ಚಿಟ್ಟ ಆಟ ಗಂಟೆಗಟ್ಟಲೆ ಓಡಿದರೂ ಯಂತ್ರ ಕಣ್ಣು ಮುಚ್ಚುವುದಿಲ್ಲ. ಅಕ್ಕನ ಮುಖದಲ್ಲಿ ಗೆಲುವಿಲ್ಲ. “ಇನ್ಮೇಲೆ ಇಂಥ ಕೆಲಸ ಹಿಡಿಯಲ್ಲ. ಹೊರಗಡೆ ಬರೆದು ಹಾಕ್ಬೇಕು. ಬರೆಯೋಕೂ ಇವರೇ ಬೇಕು,” ಎಂದು ಗಂಡನ ಕಡೆ ನೋಡುತ್ತಾರೆ.

ಲ್ಯಾಪ್‌ಟಾಪಿನ ಬೆನ್ನನ್ನು ಬಟ್ಟೆಯಿಂದ ಒರೆಸುತ್ತ ಮೆಲ್ಲಗೆ ಹೇಳುತ್ತಾರೆ: “ಒಂದೇ ಆಸೆ. ಮುಂದೆ ಯಾರಾದ್ರೂ ಇದನ್ನ ಬಿಚ್ಚಿದ್ರೆ, ಕೂರಿಸಿದವಳ ಕೈ ನಡುಗ್ತಿತ್ತು ಅಂತ ಅವರಿಗೆ ಗೊತ್ತಾಗ್ಬಾರ್ದು.”