ಅಕ್ಕನ ಕಿವಿಗೆ ಸಿಕ್ಕ ಸಾಕ್ಷಿ

ದೊಡ್ಡಬಳ್ಳಾಪುರದಲ್ಲಿ ಅಕ್ಕನ ಮನೆಯ ಹಿಂಭಾಗದಲ್ಲೇ ನಾಲ್ಕು ವಿದ್ಯುತ್ ಮಗ್ಗಗಳಿವೆ. ಮದುವೆಯಾಗಿ ಬಂದಾಗಿನಿಂದ ಅವಳು ಆ ಸದ್ದಿನಲ್ಲೇ ಸೀರೆ ನೇಯುತ್ತಿದ್ದಾಳೆ. ಆ ವರ್ಷ ಅವಳ ಮೇಲೆ ಬಂದ ಆರೋಪ ಒಂದೇ: ಅತ್ತೆ ಕರೆದರೆ ಬೇಕೆಂದೇ ಓಗೊಡುವುದಿಲ್ಲ.

"ಗಂಡ ಕರೆದ್ರೆ ಕಿವಿ ಚುರುಕು. ಅಡುಗೆಮನೆಯಿಂದ ನಾನು ಕೂಗಿದ್ರೆ ಕಲ್ಲು," ಎಂದರು ಅತ್ತೆ, ನನ್ನನ್ನು ಕೂರಿಸಿಕೊಂಡು. "ನಾಲ್ಕೂ ಮಗ್ಗ ಓಡ್ತಿದ್ರೂ ಎದುರು ಮಗ್ಗದವಳ ಹತ್ರ ಗಂಟೆಗಟ್ಲೆ ಹರಟ್ತಾಳೆ. ಇವಳು ಕಿವುಡೀನಾ? ನೀನೇ ಹೇಳಪ್ಪಾ."

ಮುನಿಸಿಕೊಂಡು ಹತ್ತಿರದ ಮಧುರೆ ಊರಿನ ಮಗಳ ಮನೆಗೆ ಹೋಗಲು ಅವರ ಬ್ಯಾಗು ತುಂಬಿ ಬಾಗಿಲ ಬಳಿ ಕೂತಿತ್ತು. ಹೊರಡುವುದು ಭಾನುವಾರ. "ಕೇಳಿಸ್ಲಿಲ್ಲ ಕಣೋ, ಮಕ್ಕಳಾಣೆ," ಎಂದಷ್ಟೇ ಅಕ್ಕ ಹೇಳಿದಳು. ಅವಳನ್ನು ಸುಳ್ಳುಗಾತಿ ಎಂದು ಬೈದು ಅತ್ತೆ ಹೊರಟರೆ ಇಡೀ ಬೀದಿ ಹಾಗೇ ನಂಬುತ್ತಿತ್ತು.

ನಾನು ದಿನಪತ್ರಿಕೆಯೊಂದರ ಸುದ್ದಿ ಡೆಸ್ಕಿನಲ್ಲಿ ಹಲವು ವರ್ಷ ದುಡಿದವನು. ಆಣೆಯನ್ನು ಸುದ್ದಿಯೆಂದು ಅಚ್ಚಿಗೆ ಕಳಿಸಿದವನಲ್ಲ. ವೈದ್ಯಕೀಯ ಲೇಖನಗಳನ್ನು ಹುಡುಕುವ ಜಾಲತಾಣ ತೆರೆದು ಸದ್ದು, ಕಿವಿ, ಕಿವುಡು ಎಂಬ ಪದಗಳನ್ನು ಇಂಗ್ಲಿಷಿನಲ್ಲಿ ಹಾಕಿದೆ. ಪುಟಗಟ್ಟಲೆ ಬಂತು: ಇಲಿಗಳು, ಸೈನಿಕರು, ವಾದ್ಯಗಾರರು, ಎಳೆಗೂಸುಗಳು. ಯಾವ ಪತ್ರಿಕೆಯ ಲೇಖನ ಬೇಕೋ ಅವನ್ನಷ್ಟೇ ಉಳಿಸಿಕೊಳ್ಳಲು ಅಲ್ಲಿ ಅವಕಾಶವಿದೆ. ಎಲ್ಲರೂ ಬಲ್ಲ ದೊಡ್ಡ ವೈದ್ಯಕೀಯ ಪತ್ರಿಕೆಯೊಂದನ್ನು ಆರಿಸಿ, ಮಗ್ಗ ಎಂಬ ಪದವನ್ನೂ ಸೇರಿಸಿದೆ. ಒಂದೂ ಉಳಿಯಲಿಲ್ಲ.

ತಪ್ಪು ನನ್ನದೇ. ಮಗ್ಗದ ಸುದ್ದಿಯನ್ನು ಮುಖಪುಟದಲ್ಲಿ ಹುಡುಕುತ್ತಿದ್ದೆ. ಡೆಸ್ಕಿನಲ್ಲಿದ್ದಾಗ ಸಾಸಲಿನಂಥ ಹಳ್ಳಿಯ ಸುದ್ದಿ ಬೇಕಾದರೆ ದೆಹಲಿಯ ವರದಿಗಾರನನ್ನು ಕೇಳುತ್ತಿರಲಿಲ್ಲ, ತಾಲ್ಲೂಕಿನ ಅರೆಕಾಲಿಕ ವರದಿಗಾರನಿಗೆ ಫೋನು ಮಾಡುತ್ತಿದ್ದೆ. ದೊಡ್ಡ ಪತ್ರಿಕೆಯನ್ನು ತೆಗೆದುಹಾಕಿ, ಕೆಲಸಗಾರರ ಆರೋಗ್ಯದ ಬಗ್ಗೆಯೇ ಬರೆಯುವ, ನಾನು ಹೆಸರೂ ಕೇಳಿರದ ಸಣ್ಣ ಪತ್ರಿಕೆಯೊಂದನ್ನು ಆರಿಸಿದೆ. ಪಟ್ಟಿ ಒಂದೇ ಪರದೆಗೆ ಇಳಿಯಿತು. ಮೂರನೆಯ ಲೇಖನ ಮಗ್ಗದವರ ಕಿವಿಯ ಬಗ್ಗೆಯೇ.

ಅದರ ಪ್ರಕಾರ ಸದ್ದು ಮೊದಲು ಕಸಿಯುವುದು ತೆಳ್ಳನೆಯ, ಏರುದನಿಗಳನ್ನು. ದಪ್ಪ ದನಿಗಳು ಬಹುಕಾಲ ಉಳಿಯುತ್ತವೆ. ಎರಡು ಸಲ ಓದಿದೆ. ಭಾವನದು ಗಡಸು ಗಂಟಲು, ಅತ್ತೆಯದು ಕೀರಲು. ಇನ್ನು ಮಗ್ಗದ ಮುಂದಿನ ಹರಟೆ ಕಿವಿಯದ್ದೇ ಅಲ್ಲ. ಆ ಗದ್ದಲದಲ್ಲಿ ಎಲ್ಲರೂ ತುಟಿ ನೋಡಿಯೇ ಮಾತು ತಿಳಿಯುತ್ತಾರೆ. ಹಾಗಾಗಿಯೇ ಅಕ್ಕನ ಕಿವಿ ಮಂದವಾದದ್ದು ಯಾರಿಗೂ ಗೊತ್ತಾಗಿರಲಿಲ್ಲ, ಅವಳಿಗೂ.

ಒಂದೇ ಮೂಲ ಸಾಲದು. ಶನಿವಾರ ಅತ್ತೆಯನ್ನೂ ಕರೆದುಕೊಂಡು ಕಿವಿ ಪರೀಕ್ಷೆಗೆ ಹೋದೆವು. ಕಾಗದದ ಮೇಲಿನ ಗೆರೆ ಏರುದನಿಗಳ ಕಡೆಗೆ ಹೋದಂತೆ ಕುಸಿದಿತ್ತು. ಪರೀಕ್ಷೆ ಮಾಡಿದಾಕೆ ಗೆರೆ ನೋಡುತ್ತಲೇ, "ಮಗ್ಗದ ಕೆಲಸಾನಮ್ಮಾ?" ಎಂದರು. ಅಕ್ಕ ಅದುವರೆಗೆ ತನ್ನ ಕೆಲಸದ ಮಾತೇ ಎತ್ತಿರಲಿಲ್ಲ.

ಹೊರಗೆ ಬಂದ ಮೇಲೆ ಅತ್ತೆ ನೆಲ ನೋಡುತ್ತಾ, "ಆಯ್ತು ಬಿಡೇ, ನೀನೇ ಗೆದ್ದೆ," ಎಂದರು.

"ಇನ್ನೊಂದ್ಸಲ ಹೇಳಿ ಅತ್ತೆ. ಕೇಳಿಸ್ಲಿಲ್ಲ," ಎಂದಳು ಅಕ್ಕ.

ಆ ಕಾಗದವನ್ನು ಮಡಚದೆ, ಬೀದಿಯವರಿಗೆಲ್ಲ ಕಾಣುವಂತೆ ಹಿಡಿದು ಮನೆತನಕ ನಡೆದಳು.

ಭಾನುವಾರ ಬಾಗಿಲ ಬಳಿ ಬ್ಯಾಗು ಇರಲಿಲ್ಲ. ಅಕ್ಕ ಕಿವಿಗೆ ರಕ್ಷಣೆಯ ಮುಚ್ಚಳ ಹಾಕಿಕೊಂಡು ನೇಯುತ್ತಿದ್ದಳು. ಮಧ್ಯಾಹ್ನ ಅತ್ತೆ ಮಗ್ಗದ ಕೋಣೆಗೆ ಬಂದು, ಅವಳ ಭುಜ ಮುಟ್ಟಿ, ಎದುರಿಗೆ ನಿಂತು, ದನಿಯೆತ್ತದೆ ತುಟಿಯಾಡಿಸಿ ಊಟಕ್ಕೆ ಕರೆದರು. ಅಕ್ಕ ಮಗ್ಗ ನಿಲ್ಲಿಸಿ ಎದ್ದಳು.