ಖಾಲಿ ಕೊಡಕ್ಕೊಂದು ಚಿಟಿಕೆ

ಕಾಲಿನ ಎಲುಬು ಮುರಿದುಕೊಂಡ ವರ್ಷವನ್ನು ನಾನು ಗೋಕಾಕದ ನಮ್ಮ ಮನೆಯಲ್ಲಿ ಬೀಗದ ಹಿಂದೆ ಕಳೆದೆ. ಮಗ ಬೆಳಿಗ್ಗೆಯೇ ಮೂಡಲಗಿಯ ಪೇಟೆಗೆ ಹೋಗುತ್ತಿದ್ದ. ಸೊಸೆ ಹುಕ್ಕೇರಿಯ ಸಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಇಬ್ಬರೂ ಹೊರಟರೆಂದರೆ ಬಾಗಿಲಿಗೆ ಹೊರಗಿನಿಂದ ಬೀಗ, ಮಂಚದ ಪಕ್ಕ ಸಂಜೆಯ ತನಕ ಒಂದು ತಂಬಿಗೆ ನೀರು. ತೆರೆದಿಟ್ಟರೆ ನಾಯಿ ನುಗ್ಗುತ್ತಿದ್ದವು, ಓಡಿಸಲು ನನಗೆ ಕಾಲಿರಲಿಲ್ಲ. ಬಾಜೂ ಮನೆಗೆ ಕೀಲಿ ಕೊಡುತ್ತೇನೆಂದು ಸೊಸೆ ಹೇಳಿದಾಗ ನಾನೇ ಬೇಡವೆಂದೆ. ನೋಡಲು ಬಂದವರು ನೋಡಿ ಸುಮ್ಮನೆ ಹೋಗುವುದಿಲ್ಲ, ಓಣಿಯೆಲ್ಲ ಆಡಿಕೊಳ್ಳುತ್ತಾರೆ.

ಆಗ ಒಂದು ಸುದ್ದಿ ಬಂತು. ಕಂಪ್ಯೂಟರಿನಲ್ಲಿ ಪಾಠ ಮಾಡಿ ತೋರಿಸಿದ ಮೇಡಂಗಳಲ್ಲಿ ಕೆಲವರನ್ನು ಆರಿಸಿ ಗೋಕಾಕದ ಸಾಲೆಗೆ ಹಾಕುತ್ತಾರಂತೆ. ಸೊಸೆಗೆ ಅದು ಸಿಕ್ಕರೆ ಮಧ್ಯಾಹ್ನ ಊಟಕ್ಕೆ ಮನೆಗೆ ಬರುತ್ತಾಳೆ, ಬೀಗ ತೆಗೆಯುತ್ತಾಳೆ, ನನ್ನನ್ನು ಅರ್ಧ ತಾಸು ಕಟ್ಟೆಯ ಮೇಲೆ ಕೂರಿಸುತ್ತಾಳೆ. ನನಗೆ ಬೇಕಾಗಿದ್ದು ಅಷ್ಟೇ. ವಿಜ್ಞಾನ, ಮಕ್ಕಳು ಯಾವುದೂ ನನ್ನ ತಲೆಯಲ್ಲಿರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಕಂಪ್ಯೂಟರು ನನ್ನ ಮಂಚದ ಎದುರಿಗೇ ಇತ್ತು. ಬೇಕೋ ಬೇಡವೋ ನೋಡಲೇಬೇಕು. ಸೊಸೆ ಅದರಲ್ಲಿ ಬಾವಿಯ ಗಡಗಡೆ ಮಾಡಿದ್ದಳು. ಹಗ್ಗದ ಎರಡು ತುದಿಗೆ ಎರಡು ಕೊಡ. ಎಷ್ಟು ಭಾರವೆಂದು ಬರೆದರೆ ಹೆಚ್ಚಿನದು ಇಳಿಯುತ್ತದೆ, ಕಡಿಮೆಯದು ಏರುತ್ತದೆ. ಏಳು ವರ್ಷದವಳಿದ್ದಾಗಿನಿಂದ ನೀರು ಸೇದಿದವಳಿಗೆ ಇದನ್ನು ಹೇಳಿಕೊಡಬೇಕೇ? ಬೇಸರಕ್ಕೆ ಕೇಳಿದೆ:

"ಎರಡೂ ಖಾಲಿ ಬಿಟ್ರ ಏನಾಕ್ಕೈತಿ?"

ಅವಳು ಎರಡೂ ಕಡೆ ಸೊನ್ನೆ ಬರೆದಳು. ಕೊಡಗಳು ಮಾಯವಾದವು. ಹಗ್ಗವೂ ಇಲ್ಲ.

ಅಂದು ರವಿವಾರ, ಮಗ ಮನೆಯಲ್ಲೇ ಇದ್ದ. ನಕ್ಕ. "ಬಿಡ ಅದನ್ನ. ಖಾಲಿ ಕೊಡ ಜಗ್ಗೂ ಹುಚ್ಚರು ಯಾರದಾರ?"

"ಹುಡುಗರು ಮೊದಲ ಅದನ್ನ ಮಾಡ್ತಾರ್ರಿ," ಎಂದಳು ಸೊಸೆ. "ಸರಿ ಮಾಡಾಕ ಕುಂತ್ರ ಎಲ್ಲಾ ಬಿಚ್ಚಬೇಕು. ನಾಳೆ ಬೆಳಿಗ್ಗೆ ಹುಕ್ಕೇರ್ಯಾಗ ತೋರಸಬೇಕು."

ಎರಡೂ ಕೊಡಗಳ ಭಾರ ಕೂಡಿಸಿ, ಅದರಿಂದ ಭಾಗಿಸುವ ಲೆಕ್ಕವಂತೆ. ಕೂಡಿಸಿದ್ದು ಸೊನ್ನೆಯಾದರೆ ಕಂಪ್ಯೂಟರಿಗೆ ದಿಕ್ಕು ತಪ್ಪುತ್ತದೆಯಂತೆ. ನಮ್ಮಲ್ಲಿ ಬೇರೆಯವರ ಮನೆಯ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ, ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆಯಾದರೂ ಹಾಕುತ್ತೇವೆ. ನನಗೆ ಅದೇ ಹೊಳೆಯಿತು.

"ಒಂದ ಕೊಡದಾಗ ಚಿಟಿಕಿ ಭಾರ ಇಟ್ಟಬಿಡು. ಯಾರ ಕಣ್ಣಿಗೂ ಬೀಳೂದಿಲ್ಲ."

"ಹಂಗ ಮಾಡೂದು ಚಲೋ ಅಲ್ಲರಿ, ಅತ್ತ್ಯಾರ."

"ಹಂಗಾರ ಹೋಗಬ್ಯಾಡ. ನಾ ಇಲ್ಲೇ ಕೊಳಿತೇನಿ."

ಹಾಗೆ ಅನ್ನಬಾರದಿತ್ತು. ಅಂದೆ. ಅವಳು ತುಟಿ ಕಚ್ಚಿಕೊಂಡು ಎಡಗಡೆಯ ಕೊಡಕ್ಕೆ ಕಾಣದಷ್ಟು ಭಾರ ಸೇರಿಸಿದಳು. ಸೊನ್ನೆ ಬರೆದರೂ ಕೊಡಗಳು ಈಗ ಮಾಯವಾಗಲಿಲ್ಲ. ಗಡಗಡೆ ಓಡಿಸಿ ನೋಡುವಷ್ಟರಲ್ಲಿ ಕರೆಂಟು ಹೋಯಿತು. ಬರಲು ಸಂಜೆಯಾಯಿತು, ಅಷ್ಟರಲ್ಲಿ ಅವಳು ಒಲೆಯ ಮುಂದಿದ್ದಳು. ಮತ್ತೆ ನೋಡಲಿಲ್ಲ.

ಮರುದಿನ ಸಂಜೆ ಬೀಗ ತೆಗೆದು ಬಂದವಳು ಚಪ್ಪಲಿ ಬಿಡುವ ಮೊದಲೇ ಹೇಳಿದಳು, "ಆಗಲಿಲ್ಲರಿ."

ಪಾಠ ನೋಡಲು ಬಂದಿದ್ದ ಸಾಹೇಬರು ಕುಳಿತವರೇ ಎರಡೂ ಕಡೆ ಸೊನ್ನೆ ಬರೆದರಂತೆ. ಎಡಗಡೆಯ ಖಾಲಿ ಕೊಡ ಕಲ್ಲಿನಂತೆ ಧಡಲ್ಲನೆ ಕೆಳಗೆ ಬಿತ್ತಂತೆ.

"ಚಿಟಿಕಿ ಭಾರಕ್ಕ ಅಷ್ಟ ಜೋರಾಗಿ ಹೆಂಗ ಬಿತ್ತು?"

"ಆ ಕಡೆ ತಡಿಯಾಕ ಏನೂ ಇಲ್ಲಲ್ರಿ. ಎಷ್ಟ ಸಣ್ಣದಿದ್ರೂ ಒಂಟಿ ಆದ್ರ ಪೂರಾ ಜೋರಿನಿಂದ ಬೀಳ್ತೈತಿ. ನನಗ ತಿಳಿಬೇಕಿತ್ತು. ಮಕ್ಕಳಿಗೆ ಸುಳ್ಳ ಕಲಿಸಾಕತ್ತೀರಿ ಅಂದ್ರು ಸಾಹೇಬ್ರು."

"ನಾ ಹೇಳಿದ್ನಿ ಅಂತ ಹೇಳಿದೇನ?"

"ಇಲ್ಲರಿ. ಬರದಾಕಿ ನಾನ ಅಲ್ಲೇನ್ರಿ."

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವಳು ಸೀರೆ ಬದಲಿಸಿ ರೊಟ್ಟಿ ಬಡಿಯಲು ಕುಳಿತಳು.

ಮುಂದಿನ ರವಿವಾರ ಮತ್ತೆ ಕಂಪ್ಯೂಟರಿನ ಮುಂದೆ ಕುಳಿತಿದ್ದಳು. ಎಲ್ಲ ಬಿಚ್ಚಿ ಮೊದಲಿನಿಂದ ಬರೆಯುತ್ತಿದ್ದಳು.

"ಆಗ್ಹೋದದ್ದಕ್ಕ ಇನ್ನೇನ ತೀಡಾಕತ್ತಿ?"

"ನಮ್ಮ ಹುಡುಗ್ಯಾರಿಗೆ ತೋರಸಬೇಕ್ರಿ. ತಪ್ಪ ಇಟ್ಕೊಂಡ ಹೆಂಗ ತೋರಸ್ಲಿ?"

"ಗೋಕಾಕಕ್ಕ ಮತ್ತ ಯಾವಾಗ ಕೇಳ್ತಾರ?"

"ಮುಂದಿನ ವರ್ಷ ನೋಡೂಣು ಅಂದಾರ್ರಿ."

ಒಂದು ವರ್ಷ. ನಾನು ಗೋಡೆಯ ಕಡೆ ಹೊರಳಲು ನೋಡಿದೆ, ಕಾಲು ಕೇಳಲಿಲ್ಲ.

"ನಾಳಿಂದ ತಂಬಿಗಿ ಬ್ಯಾಡ," ಎಂದೆ. "ದೊಡ್ಡ ಬಿಂದಿಗಿ ನೀರ ಇಟ್ಟ ಹೋಗು."

"ಇಡ್ತೇನ್ರಿ," ಎಂದಳು, ಪರದೆಯಿಂದ ಕಣ್ಣು ತೆಗೆಯದೆ.