ಕಸ ಗುಡಿಸದ ಹನ್ನೊಂದು ದಿನ

ಮೊನ್ನೆ ಮೊಮ್ಮಗಳು ಫೋನನ್ನು ಬಾಯಿಗೆ ಹಿಡಿದು, ಮುಂಬಯಿಯಿಂದ ಲಂಡನ್ನಿಗೆ ಎಷ್ಟು ದೂರ ಎಂದು ಕೇಳಿದಳು. ಏಳು ಸಾವಿರದ ಚಿಲ್ಲರೆ ಕಿಲೋಮೀಟರು, ವಿಮಾನದಲ್ಲಿ ಸುಮಾರು ಹತ್ತು ತಾಸು ಎಂದಿತು ಫೋನು. ಅವಳಿಗೆ ಅದು ಸಾಲೆಯ ಪಾಠ. ನಾನು ಸೋಸುತ್ತಿದ್ದ ಮೆಂತ್ಯೆ ಸೊಪ್ಪನ್ನು ಬದಿಗಿಟ್ಟೆ. ಈ ಲೆಕ್ಕವನ್ನು ನಾನೂ ಒಮ್ಮೆ ಮಾಡಿದ್ದೆ, ಮಾಡಿ ಕೆಟ್ಟಿದ್ದೆ.

ಊರಿಗೆ ಹೊರಟವರು ಮುಟ್ಟುವ ತನಕ ಮನೆಯ ಕಸ ಗುಡಿಸಬಾರದು. ನಿಮ್ಮ ಮನೆಯಲ್ಲೂ ಈ ಪದ್ಧತಿ ಇದ್ದೀತು. ಮಮದಾಪುರದ ನಮ್ಮ ಮನೆಯಲ್ಲಿ ಅವ್ವ ಇದನ್ನು ಬಲು ಕಟ್ಟುನಿಟ್ಟಾಗಿ ನಡೆಸುತ್ತಿದ್ದಳು. ಅಪ್ಪ ಗೋಕಾಕಕ್ಕೆ ಹೋದರೆ ಒಂದು ತಾಸು, ಯಮಕನಮರಡಿಗೆ ಹೋದರೆ ಮಧ್ಯಾಹ್ನದ ತನಕ ಕಸಬರಿಗೆ ಮೂಲೆ ಬಿಟ್ಟು ಏಳುತ್ತಿರಲಿಲ್ಲ.

ಅಪ್ಪನಿಗೆ ಇದು ಸೇರುತ್ತಿರಲಿಲ್ಲ. ನಾವು ಬೌದ್ಧರಾಗಿ ಆಗ ಐದಾರು ವರ್ಷ. ನಮ್ಮ ಓಣಿಯನ್ನು ಮೂಗು ಮುಚ್ಚಿಕೊಂಡು ದಾಟಿದ ಜನರೆದುರು ನಮ್ಮ ಮನೆ ಕನ್ನಡಿಯಂತಿರಬೇಕು ಎಂಬುದು ಅವನ ಹಟ.

ಅಂಥದರಲ್ಲಿ ಅಣ್ಣನಿಗೆ ವಿಲಾಯತಿಯಲ್ಲಿ ಓದಲು ವಿದ್ಯಾರ್ಥಿವೇತನ ಸಿಕ್ಕಿತು. ಮುಂಬಯಿಯ ತನಕ ರೈಲು, ಅಲ್ಲಿಂದ ವಿಮಾನ. ಅವನು ಹೊಸ್ತಿಲು ದಾಟಿದ ದಿನದಿಂದ ಮನೆಯಲ್ಲಿ ಕಸಬರಿಗೆ ಆಡಲಿಲ್ಲ. ಮೂರನೆಯ ದಿನ ಅಪ್ಪ ರೇಗಿದ.

"ಹಳೇವೆಲ್ಲಾ ಬಿಟ್ಟೇವಿ ಅಂತ ಹೇಳಿ, ಈಗ ಇದೇನ ಹಚ್ಚೀದಿ?"

"ದೇವ್ರನ್ನ ಬಿಡು ಅಂದ್ರಿ, ಬಿಟ್ಟೇನಿ. ಮಗನ್ನ ಹೆಂಗ ಬಿಡ್ಲಿ?"

ನಾನಾಗ ಏಳನೆಯ ಇಯತ್ತೆ, ಗಣಿತದಲ್ಲಿ ಮೊದಲ ನಂಬರು. ಜಗಳ ಬಗೆಹರಿಸಲು ನಕಾಶೆಯ ಪುಸ್ತಕ ತೆರೆದು, ಮುಂಬಯಿಯಿಂದ ಲಂಡನ್ನಿಗೆ ದಾರ ಇಟ್ಟು ಅಳೆದೆ. ವಿಮಾನ ತಾಸಿಗೆ ಐನೂರು ಮೈಲಿ ಓಡುತ್ತದೆಂದು ಅಣ್ಣನೇ ಹೇಳಿದ್ದ. ಒಂಬತ್ತು ತಾಸು! ಕುಲಗೋಡದ ಬಸ್ಸು ಕೈ ಮಾಡಿದವರಿಗೆಲ್ಲ ನಿಲ್ಲುವುದನ್ನು ಕಂಡವಳಿಗೆ, ವಿಮಾನವೂ ಎಣ್ಣೆ ಹಾಕಿಸಿಕೊಳ್ಳಲು ನಡುವೆ ಇಳಿದೀತು ಎಂದು ಹೊಳೆಯಲೇ ಇಲ್ಲ. ವಿಮಾನ ಮರುದಿನ ಬೆಳಿಗ್ಗೆ ಹೊರಡುವುದಿತ್ತು. ಅದು ಹೊರಟು ಒಂಬತ್ತು ತಾಸು ಕಳೆದ ಮೇಲೆ, ಸಂಜೆ ಅವ್ವ ನೀರಿಗೆ ಹೋದಾಗ ಇಡೀ ಮನೆ ಗುಡಿಸಿ ಕಸವನ್ನು ತಿಪ್ಪೆಗೆ ಚೆಲ್ಲಿದೆ.

ಅವ್ವ ಬಂದು ನೋಡಿದಳು. ಬೈಯಲಿಲ್ಲ.

"ಮುಟ್ಟ್ಯಾನಂತ ಯಾರ್ ಹೇಳಿದ್ರ ನಿನಗ?"

ನಾನು ನಕಾಶೆ ತೋರಿಸಿದೆ. ಅವಳು ತಿಪ್ಪೆಗೆ ಹೋಗಿ, ಅದೇ ಕಸವನ್ನು ಉಡಿಯಲ್ಲಿ ತುಂಬಿಕೊಂಡು ಬಂದು ಒಳಗೆಲ್ಲ ಹರಡಿದಳು. ನನಗೆ ಭೂಮಿಗಿಳಿದು ಹೋಗುವಷ್ಟು ನಾಚಿಕೆಯಾಯಿತು. ಅಪ್ಪ ಬಾಗಿಲಲ್ಲಿ ನಿಂತು ಎಲ್ಲ ನೋಡಿದ. ಭಾನುವಾರ ಬುದ್ಧವಂದನೆಗೆ ಜನ ಬಂದಾಗ, "ಒಳಗ ಭಾಳ ಸೆಕಿ ಐತ್ರಿ" ಎಂದು ಅಂಗಳದಲ್ಲೇ ಜಮಖಾನ ಹಾಸಿದ.

ಹನ್ನೊಂದನೆಯ ದಿನ ಪತ್ರ ಬಂತು. ನಾನೇ ಓದಿದೆ. ನಡುದಾರಿಯ ಒಂದು ಊರಲ್ಲಿ ವಿಮಾನ ಕೆಟ್ಟು, ಎರಡು ದಿನ ಅಲ್ಲೇ ಕೂತು, ಆಮೇಲೆ ಸುಖವಾಗಿ ಮುಟ್ಟಿದೆ ಎಂದು ಅಣ್ಣ ಬರೆದಿದ್ದ. ನಾನು ಗುಡಿಸಿದ ಹೊತ್ತಿನಲ್ಲಿ ಅವನಿನ್ನೂ ದಾರಿಯಲ್ಲಿದ್ದ. "ಮುಟ್ಟ್ಯಾನ?" ಎಂದು ಮೂರು ಸಲ ಕೇಳಿ, ಅವ್ವ ಕಂಬಕ್ಕೊರಗಿ ಅತ್ತುಬಿಟ್ಟಳು. ಆಮೇಲೆ ಕಣ್ಣೊರೆಸಿಕೊಂಡು ಏಳಹೋದಳು.

"ನೀ ಕುಂಡ್ರು. ನಾ ಗುಡಸ್ತೇನಿ" ಎಂದ ಅಪ್ಪ.

ಊರ ಚಾವಡಿ ಗುಡಿಸುವ ಹಿರೀಕರ ಚಾಕರಿಯನ್ನು ಬಿಟ್ಟ ದಿನ, ಇನ್ನು ಸತ್ತರೂ ಕಸಬರಿಗೆ ಮುಟ್ಟೆನೆಂದು ಆಣೆ ಮಾಡಿದ್ದವನು ಅವನು. ಅಂದು ಅಡುಗೆಮನೆಯಿಂದ ಹಿಡಿದು ಅಂಗಳದ ತನಕ ಒಬ್ಬನೇ ಗುಡಿಸಿದ.

"ಹತ್ತ ತಾಸು ಅಂತ ಬರಕೊಳ್ಳಲೇನ, ಆಯಿ?" ಎಂದಳು ಮೊಮ್ಮಗಳು.

ಬರಕೋ ಎಂದೆ. ಆಮೇಲೆ, ಇಷ್ಟು ವರ್ಷ ನಾಚಿ ಯಾರಿಗೂ ಹೇಳದಿದ್ದ ಈ ಮಾತನ್ನು ಅವಳನ್ನು ಹತ್ತಿರ ಕೂರಿಸಿಕೊಂಡು ಹೇಳಿದೆ.